ಕೊಂಬಿನ ಮೇಲೆ ಕೊಟ್ಟ ಮಾತು

ಗುರಿಯಾ ಸೀಮೆಯ ಆ ಊರಿನಲ್ಲಿ ಸೆವೆರಿಯಾನನಿಗೆ ಎರಡು ಕೆಲಸ. ವಾರವೆಲ್ಲ ಚಹಾ ಕಾರ್ಖಾನೆಯ ಮೆಕ್ಯಾನಿಕ್ಕು. ಮದುವೆಯೋ ತಿಥಿಯೋ, ಎಲ್ಲಿ ಜನ ಊಟಕ್ಕೆ ಕೂತರೂ ಅಲ್ಲಿ ತಮದಾ. ತಮದಾ ಎದ್ದು ನಿಂತು, ಕೊಂಬಿನ ತುಂಬ ದ್ರಾಕ್ಷಾರಸ ಹಿಡಿದು ನಾಲ್ಕು ಮಾತು ಆಡದೆ ಆ ಸೀಮೆಯಲ್ಲಿ ಯಾರೂ ತುಟಿ ಒದ್ದೆ ಮಾಡಿಕೊಳ್ಳುವುದಿಲ್ಲ. ಇಪ್ಪತ್ತೆಂಟು ವರ್ಷ ಅವನು ಎಲೆ ಹೊಸೆಯುವ ಯಂತ್ರಗಳಿಗೆ ಎಣ್ಣೆ ಬಿಟ್ಟಿದ್ದ. ಅಷ್ಟೇ ವರ್ಷ ಊರಿನ ಸತ್ತವರನ್ನೂ ಹುಟ್ಟಿದವರನ್ನೂ ಬಾಯಿತುಂಬ ಹರಸಿದ್ದ.

ಸೋವಿಯತ್ ಸರ್ಕಾರ ಮಗುಚಿಬಿದ್ದ ಮೇಲೆ ಮಾಸ್ಕೋಗೆ ಚಹಾ ಹೋಗುವುದು ನಿಂತಿತು. ಕಾರ್ಖಾನೆಗೆ ಬೀಗ ಬಿತ್ತು. ತೋಟದಲ್ಲಿ ಜರೀಗಿಡ ಎದೆಯುದ್ದ ಬೆಳೆಯಿತು. ತೊಂಬತ್ತಾರರಲ್ಲಿ ಹೊಸ ಸರ್ಕಾರ ಕಾರ್ಖಾನೆಯನ್ನು ಪಾಲು ಮಾಡಿ ಇನ್ನೂರ ಹನ್ನೆರಡು ಕೆಲಸಗಾರರ ಕೈಗೆ ಒಂದೊಂದು ಪಾಲುಪತ್ರ ಇಟ್ಟಿತು. ಎಲೆ ಕೀಳುವ ಕೆಲಸದಲ್ಲಿದ್ದ ಹೆಂಡತಿ ಸಿಯಾಲಾ ತನ್ನ ಪತ್ರವನ್ನು ಮೂಸಿ ನೋಡಿದಳು. "ಇದನ್ನ ಬೇಯಿಸ್ಬೇಕೋ, ಹಸೀದೇ ತಿನ್ಬೇಕೋ?"

ಆ ಶರತ್ಕಾಲದಲ್ಲೇ ಬಟುಮಿಯಿಂದ ಮುರ್ಮಾನ್ ಬಂದ. ಹಿಂದೆ ಪಕ್ಷದ ಯುವಜನ ಸಂಘದ ಕಾರ್ಯದರ್ಶಿ. ಇದೇ ಕಾರ್ಖಾನೆಯ ಮೆಟ್ಟಿಲ ಮೇಲೆ ನಿಂತು, ಸ್ವಂತ ಆಸ್ತಿ ಅನ್ನುವುದು ಹೇಲು ಎಂದು ಭಾಷಣ ಬಿಗಿದವನು. ಈಗ ಚರ್ಮದ ಕೋಟು ತೊಟ್ಟಿದ್ದ. "ನಮ್ಮ ಚಹಾಕ್ಕೆ ತುರ್ಕಿಯಲ್ಲಿ ಗಿರಾಕಿ ರೆಡಿ ಇದಾನೆ. ಆದ್ರೆ ಇನ್ನೂರು ಜನ ಹಗ್ಗ ಹಿಡಿದ್ರೆ ಎತ್ತು ಯಾವ ಕಡೆ ಹೋಗ್ಬೇಕಣ್ಣ? ಪಾಲೆಲ್ಲ ಒಂದು ಕೈಲಿರಲಿ."

ಅವನಿಗೆ ಔತಣ ಸೆವೆರಿಯಾನನ ಮನೆಯಲ್ಲೇ ಆಯಿತು. ಸಿಯಾಲಾ ಇದ್ದ ಒಂದೇ ಕೋಳಿ ಕೊಯ್ದು ಅಕ್ರೋಟು ಅರೆದು ಹಾಕಿದಳು, ಮೆಕ್ಕೆಜೋಳದ ರೊಟ್ಟಿ ಸುಟ್ಟಳು. ಗಂಡನನ್ನು ಒಲೆಯ ಹತ್ತಿರ ಎಳೆದು, "ಮೆಷಿನ್ ಮಾರಲ್ಲ ಅಂತ ಬರೆಸ್ಕೋ," ಎಂದಳು.

"ಊಟಕ್ಕೆ ಕೂತ ಅತಿಥಿ ಹತ್ರ ಕಾಗದ ಕೇಳೋದಾ? ನಮ್ಮಪ್ಪ ಗೋರಿಯಿಂದ ಎದ್ದು ಬಂದು ಮುಖಕ್ಕೆ ಉಗೀತಾನೆ."

"ಉಗೀಲಿ ಬಿಡು. ಒರೆಸ್ಕೊಂಡ್ರಾಯ್ತು."

ಅವನು ಕೇಳಲಿಲ್ಲ. ಕೊಂಬಿಗೆ ಕಾಲಿಲ್ಲ, ಬರಿದಾಗುವ ತನಕ ಕೆಳಗಿಡುವಂತಿಲ್ಲ. ಅದನ್ನು ಹಿಡಿದು ಆಡಿದ ಮಾತನ್ನೂ ಹಾಗೆಯೇ ಕೆಳಗಿಡುವಂತಿಲ್ಲ ಎಂಬುದು ಅಲ್ಲಿನವರ ಲೆಕ್ಕ. ಮುರ್ಮಾನ್ ಎದ್ದುನಿಂತ. "ಬರೋ ವಸಂತಕ್ಕೆ ಈ ಚಿಮಣೀಲಿ ಹೊಗೆ ಏಳದಿದ್ರೆ ನನ್ನಪ್ಪ ಮಣ್ಣಲ್ಲಿ ನೆಮ್ಮದಿಯಾಗಿ ಮಲಗದೇ ಇರಲಿ." ಒಂದೇ ಉಸಿರಿಗೆ ಕುಡಿದು ಕೊಂಬನ್ನು ಬೋರಲು ಹಿಡಿದ. ಒಂದು ಹನಿಯೂ ಬೀಳಲಿಲ್ಲ. ಸೆವೆರಿಯಾನನ ಕಣ್ಣು ತುಂಬಿತು.

ಮರುದಿನ ಪಾಲುಗಳನ್ನು ಮುರ್ಮಾನನ ಹೆಸರಿಗೆ ಬರೆಸಲು ಅವನೇ ಮನೆಮನೆ ಹತ್ತಿಳಿದ. ಮುರ್ಮಾನನನ್ನು ನಂಬಿ ಯಾರೂ ಸಹಿ ಹಾಕಲಿಲ್ಲ, ತಮದಾನನ್ನು ನಂಬಿ ಹಾಕಿದರು. ಎಲ್ಲರಿಗಿಂತ ಕೊನೆಗೆ ಹಾಕಿದವಳು ಸಿಯಾಲಾ. ಹಳೆಯ ಸರ್ಕಾರ ಎಲ್ಲವೂ ಎಲ್ಲರದು ಎನ್ನುತ್ತ ಯಾರಿಗೂ ಏನೂ ಕೊಡಲಿಲ್ಲ. ಹೊಸದು ಎಲ್ಲರಿಗೂ ಕೊಟ್ಟು ಒಬ್ಬನ ಜೇಬಿಗೆ ತಲುಪಿಸಿತು.

ವಸಂತಕ್ಕೆ ಲಾರಿಗಳು ಬಂದವು. "ಹಳೇ ಮೆಷಿನ್ ತುರ್ಕಿಯವರು ಓಡಿಸ್ಕೊಳ್ತಾರೆ, ನಮಗೆ ಹೊಸದು ಬರುತ್ತೆ," ಎಂದ ಮುರ್ಮಾನ್. "ನೀನೇ ಬಿಚ್ಚಣ್ಣ. ಬೇರೆಯವರಾದ್ರೆ ಮುರಿದು ಹಾಕ್ತಾರೆ." ಸೆವೆರಿಯಾನ ಹನ್ನೊಂದು ದಿನ ಬಿಚ್ಚಿದ. ಒಂದೊಂದು ಬೋಲ್ಟಿಗೂ ಎಣ್ಣೆ ಸವರಿ, ಹಳೇ ಬಟ್ಟೆಯಲ್ಲಿ ಗಂಟು ಕಟ್ಟಿ ನಂಬರು ಬರೆದ. ಜೋಡಿಸುವಾಗ ಅಲ್ಲಿಯವನು ಯಾರೋ ಪಾಪ ಪರದಾಡಬಾರದಲ್ಲ.

ಕೊನೆಯ ಲಾರಿಯಲ್ಲಿ ತಾನೂ ಬಟುಮಿ ಬಂದರಿಗೆ ಹೋದ. ಅಲ್ಲಿ ಕ್ರೇನು ಅವನ ಯಂತ್ರವನ್ನು ಮೂರಾಳೆತ್ತರಕ್ಕೆ ಎತ್ತಿ ಕೈಬಿಟ್ಟಿತು. ಮುರಿದರೆ ಹಡಗಿನಲ್ಲಿ ಒತ್ತೊತ್ತಾಗಿ ತುಂಬಬಹುದು. ಗುಜರಿಗೆ ಬೇಕಾದ್ದು ತೂಕ ತಾನೆ? ಕೂಲಿಯವನೊಬ್ಬ ಬಟ್ಟೆಗಂಟು ಬಿಚ್ಚಿ ನೋಡಿ ನಕ್ಕ. "ಯಾವನೋ ಬೋಲ್ಟಿಗೆ ಬಾಣಂತನ ಮಾಡಿದಾನೆ ನೋಡ್ರೋ."

ಮುರ್ಮಾನ್ ಅಲ್ಲೇ ಸಿಗರೇಟು ಸೇದುತ್ತಿದ್ದ.

"ನನ್ನ ಮನೇಲಿ ಕೊಂಬು ಹಿಡಿದು ನೀನು ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ ಅಣ್ಣ. ಚೆನ್ನಾಗಿ ಮಾತಾಡ್ದೆ ಅಂತ ನೀನೇ ತಬ್ಕೊಂಡೆ." ಅವನಿಗೆ ಸಿಟ್ಟೇನೂ ಬಂದಿರಲಿಲ್ಲ. "ಕಾಗದ ಏನಾದ್ರೂ ಇದೆಯಾ ನಿನ್ಹತ್ರ? ನನ್ಹತ್ರ ಇನ್ನೂರ ಹನ್ನೆರಡಿದೆ."

ಸೆವೆರಿಯಾನ ಊರಿಗೆ ಬಂದು ಕೊಂಬನ್ನು ಅಟ್ಟಕ್ಕೆಸೆದ. ಆಮೇಲೆ ಯಾರ ಪಂಕ್ತಿಗೂ ಹೋಗಲಿಲ್ಲ. ಆ ಚಳಿಗಾಲದಲ್ಲಿ, ಹಿಂದೆ ತೋಟದಲ್ಲಿ ಎಲೆ ಕೀಳುತ್ತಿದ್ದ ಮುದುಕಿ ಗುಲಿಕೋಳ ಗಂಡ ತೀರಿಕೊಂಡ. ನಲವತ್ತನೇ ದಿನದ ತಿಥಿಯೂಟಕ್ಕೆ ಕರೆಯಲು ಅವಳೇ ಬಂದು ಬಾಗಿಲಲ್ಲಿ ನಿಂತಳು.

"ತಮದಾ ನೀನೇ ಆಗ್ಬೇಕಪ್ಪ."

"ನನ್ನ ಮಾತು ನಂಬಿ ಸಹಿ ಹಾಕಿದೋಳು ನೀನು. ಇನ್ನೂ ನಂಬ್ತೀಯಾ?"

"ಸತ್ತೋನ ವಿಷ್ಯ ತಾನೆ, ಬಾ ಮಾತಾಡು," ಎಂದಳು ಗುಲಿಕೋ. "ಅವನ ಹತ್ರ ಕಿತ್ಕೊಳ್ಳೋಕೆ ಇನ್ನೇನೂ ಉಳಿದಿಲ್ಲ."

ಅವನು ಹೋದ. ಕೊಂಬು ತೆಗೆದುಕೊಳ್ಳಲಿಲ್ಲ. ಗಾಜಿನ ಲೋಟದಲ್ಲಿ ಹರಸಿ, ಅರ್ಧ ಕುಡಿದು, ಕೆಳಗಿಟ್ಟ.