ಏಳಕ್ಕೆ ಒಂದು ಉಳಿಯಬೇಕು

ಯಮನಪ್ಪ ಮಾಸ್ತರರು ಯಾವ ಅಂಕಿ ಕಂಡರೂ ಅದನ್ನು ಒಡೆದು ನೋಡದೆ ಬಿಡುತ್ತಿರಲಿಲ್ಲ. ಹುಬ್ಬಳ್ಳಿಯ ಬಸ್ಸು ಬಂದು ನಿಂತರೆ, ಹತ್ತುವ ಮೊದಲು ಅದರ ನಂಬರನ್ನು ಮೂರರಿಂದ, ಏಳರಿಂದ, ಹನ್ನೊಂದರಿಂದ, ಹೀಗೆ ಭಾಗಿಸುತ್ತ ಹೋಗುವರು. ಒಡೆದರೆ ‘ಪೊಳ್ಳು’, ಒಡೆಯದಿದ್ದರೆ ‘ಗಟ್ಟಿ’. ಪುಸ್ತಕದ ‘ಅವಿಭಾಜ್ಯ’ ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

“ಗಟ್ಟಿ ಅಂದ್ರ ಏನ್ ತಿಳದಿ? ಒಂದಕ್ಕ ಮತ್ತ ತನಗ ಬಿಟ್ರ ಯಾರಿಗೂ ಬಗ್ಗಂಗಿಲ್ಲ, ನಿನ್ನಂಗ,” ಎನ್ನುತ್ತಿದ್ದರು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟು, ಧಾರವಾಡದ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ನನಗೆ ಆ ಮಾತು ಬಹಳ ಹಿಡಿಸಿತ್ತು.

ಹೆಬ್ಬಳ್ಳಿಯಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಿದ್ದ ಅವರಿಗೆ ಒಂದು ಅಂಕಿಯ ಹುಚ್ಚು. ಒಂದನ್ನು ಮೂವತ್ತೊಂದು ಸಲ ದುಪ್ಪಟ್ಟು ಮಾಡಿ, ಕೊನೆಗೆ ಒಂದು ಕಳೆದರೆ ಬರುವ ೨೧೪೭೪೮೩೬೪೭. ಅದು ಗಟ್ಟಿ ಎಂದು ಹಿಂದಿನವರು ತೋರಿಸಿದ್ದು ಗೊತ್ತಿತ್ತು. “ಅವರು ನೋಡ್ಯಾರ. ನಾ ನೋಡಬೇಕಲ್ಲ?” ನಲವತ್ತಾರು ಸಾವಿರದ ಮುನ್ನೂರ ನಲವತ್ತರವರೆಗಿನ ಗಟ್ಟಿ ಅಂಕಿಗಳಿಂದೆಲ್ಲ ಭಾಗಿಸಿದರೆ ಸಾಕಂತೆ, ಅದಕ್ಕಿಂತ ದೊಡ್ಡದೊಂದರಿಂದ ಒಡೆಯುವುದಿದ್ದರೆ ಅದರ ಜೋಡಿ ಅಂಕಿ ಈಚೆಗೇ ಸಿಕ್ಕಿರುತ್ತದೆ. ಏಳು ವರ್ಷ ಭಾಗಿಸಿದರು. ಪ್ರತಿ ಸಲವೂ ಏನಾದರೂ ಶೇಷ ಉಳಿಯಿತು, ಏಳಕ್ಕೆ ಒಂದು ಉಳಿದಂತೆ. ಲೆಕ್ಕದ ವಹಿಗಳು ತುಂಬಿದವು, ಕಣ್ಣಿಗೆ ಪೊರೆ ಬಂತು.

ಸಾವಿರದ ಒಂಬೈನೂರ ಅರವತ್ತರ ಆಚೀಚೆ, ಮಾಸ್ತರರ ಸಭೆಯೊಂದರಲ್ಲಿ ಹಂಚಲು ಈ ಅಂಕಿಯ ಹಾಳೆಯೊಂದನ್ನು ಅಚ್ಚು ಹಾಕಿಸಲು ನನ್ನಲ್ಲಿಗೆ ಬಂದರು. “ಕರಡು ನನಗ ಕಾಣಂಗಿಲ್ಲ. ಒಂದೊಂದಽ ಅಂಕಿ ಓದಿ ಹೇಳೋ.”

“ಹತ್ತು ವರ್ಷ ಆತ್ರಿ ಈ ಕೆಲಸಕ್ಕ. ನನ್ನ ತಪ್ಪು ಇನ್ನೂ ಯಾರೂ ಹಿಡದಿಲ್ಲ,” ಎಂದೆ. ಓದಲಿಲ್ಲ.

ಸಭೆಯಲ್ಲಿ ಒಬ್ಬ ಹೊಸ ಮಾಸ್ತರ ಹಾಳೆಯ ಅಂಚಿನಲ್ಲೇ ಪೆನ್ಸಿಲ್ ಆಡಿಸಿ, “ಕಾಕಾ, ಇದು ಏಳರಿಂದನಽ ಹೋಗತೈತಲ್ರಿ. ಏಳು ವರ್ಷದಾಗ ಏಳರ ಮಗ್ಗಿ ಮರತ್ರೇನು?” ಎಂದನಂತೆ. ಎಲ್ಲರೂ ನಕ್ಕರಂತೆ.

ಮರುದಿನ ಮಾಸ್ತರರು ಹಾಳೆ ಹಿಡಿದು ಬಂದರು. “ಏಳಕ್ಕ ಒಂದ ಉಳೀಬೇಕಲ್ಲೋ. ನೋಡಿ ಹೇಳು.”

ನೋಡಿದೆ. ೬ ಇರಬೇಕಾದಲ್ಲಿ ೯ ಕೂತಿತ್ತು. ನಮ್ಮ ಆರಕ್ಕೂ ಒಂಬತ್ತಕ್ಕೂ ಬಾಲ ತಿರುಗುವುದಷ್ಟೇ ವ್ಯತ್ಯಾಸ. ಮೊಳೆ ಹೆಕ್ಕುವಾಗ ಬೆರಳು ತಪ್ಪಿತ್ತು.

“ಆರರ ಜಾಗಾದಾಗ ಒಂಬತ್ತೈತ್ರಿ. ನೀವು ಬರದಂಗನಽ ಜೋಡಿಸೇನಿ,” ಎಂದೆ.

ಅವರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದರು. “ಹಂಗಾರ ನನ್ನ ಕೈನಽ ತಪ್ಪಾಕತ್ತೈತಿ. ಇಲ್ಲೇ ಹಿಂಗ ಬರದೇನಿ ಅಂದ್ರ, ವಹಿಯೊಳಗ ಎಷ್ಟ ಕಡೆ ಬರದೇನೋ. ಏಳು ವರ್ಷ ಪೊಳ್ಳಾತು ನೋಡಪಾ.”

ಅವರ ಕೈಬರಹದ ಚೀಟಿ ಮೊಳೆಪೆಟ್ಟಿಗೆಯ ಮೇಲೆ, ಅವರ ಮೊಳಕೈ ಪಕ್ಕದಲ್ಲೇ ಇತ್ತು. ಅದರಲ್ಲಿ ೬ ದುಂಡಗೆ, ಸ್ಪಷ್ಟವಾಗಿತ್ತು.

ನಿಜ ಹೇಳಲು ನನಗೆ ಒಂದು ಮಳೆಗಾಲವೇ ಬೇಕಾಯಿತು. ಹಾಳೆಯನ್ನು ಹೊಸದಾಗಿ ಜೋಡಿಸಿ, ಕರಡನ್ನು ನಾಲ್ಕು ಸಲ ನೋಡಿ ಹೆಬ್ಬಳ್ಳಿಗೆ ಹೋದಾಗ, ಮಾಸ್ತರರು ತೀರಿಕೊಂಡು ಹದಿನೇಳು ದಿನವಾಗಿತ್ತು. ವಹಿಗಳನ್ನು ಅವರೇ ಬಚ್ಚಲ ಒಲೆಗೆ ಹಾಕಿಸಿದ್ದರಂತೆ.

“ನನಗ ಓದಾಕ ಬರಂಗಿಲ್ಲಪಾ. ಏನೈತಿ ಇದರಾಗ?” ಎಂದು ಅವರ ಹೆಂಡತಿ ಹಾಳೆಯನ್ನು ನನಗೇ ಮರಳಿ ಕೊಟ್ಟರು. ಹಾಳೆ ನೋಡಿಕೊಂಡು ಒಂದೊಂದೇ ಅಂಕಿ ಓದಿದೆ. ಆರು ಬಂದಾಗ ನಿಂತು, ತಪ್ಪು ನನ್ನದೆಂದು ಹೇಳಿದೆ.

ಆ ತಾಯಿ ಸೆರಗಿನ ತುದಿಯನ್ನು ಸುತ್ತುತ್ತ ಕೂತಿದ್ದರು. ಆಮೇಲೆ, “ಮಲಗಿದಲ್ಲೇ ಬೆರಳ ಮಡಚಿ ಅಂತಿದ್ರು, ಎಷ್ಟ ಮಾಡಿದ್ರೂ ಏಳಕ್ಕ ಒಂದ ಉಳೀತೈತಿ ಅಂತ. ನಾ ಭ್ರಮಿ ಅಂದ್ಕೊಂಡಿದ್ದೆ,” ಎಂದರು. “ಖರೇನ ಉಳೀತೈತೇನಪಾ?”

“ಉಳೀತೈತ್ರಿ,” ಎಂದೆ.