ನಾಟಕ ಮಂದಿರಕ್ಕೆ ಮತ್ತೆ ಹೆಂಚು ಬಂತು

ನನ್ನ ಮೊಮ್ಮಗಳ ಮಾತು ಇವತ್ತು ಶಿವಮೊಗ್ಗದ ನಾಟಕ ಮಂದಿರದ ಕಟ್ಟಕಡೆಯ ಬೆಂಚಿನವರೆಗೂ ಕೇಳಿಸಿತು! ಹೊರಗೆ ಮಳೆ ಸುರಿಯುತ್ತಿದ್ದರೂ ಕೇಳಿಸಿತು. ಮೈಕಿಲ್ಲ, ಗೀಕಿಲ್ಲ. ಹೆಂಗಸರ ಕಡೆ ಗೋಡೆಗೆ ಒರಗಿ ಕೂತಿದ್ದ ನನ್ನ ಈ ಮುದಿ ಕಿವಿಗೇ ಬಂದು ಬಿತ್ತು ಎಂದ ಮೇಲೆ ಇನ್ನೇನು ಹೇಳಲಿ! ಪಕ್ಕದಲ್ಲಿ ಕೂತವರನ್ನೆಲ್ಲ ಹಿಡಿದು ಅಲ್ಲಾಡಿಸಿ, “ನಮ್ಮ ಹುಡುಗಿ ಕಣ್ರೇ, ನಮ್ಮ ಹುಡುಗಿ” ಎಂದೆ. ನಾನು ಓದಿದ್ದು ಎರಡನೇ ಕ್ಲಾಸು. ತಪ್ಪಾದರೆ ಆಗಲಿ, ಇದನ್ನು ಬರೆಯದೆ ಇರಲಾರೆ.

ಆದರೆ ಕೇಳಬೇಕಾಗಿದ್ದವರು ಇಲ್ಲ.

ಆ ಮಂದಿರ ನಮ್ಮ ಅಜ್ಜಂದಿರ ಕಾಲದ್ದು. ಮರದ ಕಂಬ, ನಾಡಹೆಂಚು. ಅದನ್ನು ಕೆಡವಿ ಅಡಿಕೆ ಮಂಡಿ ಕಟ್ಟುತ್ತಾರೆಂಬ ಸುದ್ದಿ ಹಬ್ಬಿದಾಗ ಊರಿನವರು ಸಹಕಾರ ಸಂಘ ಕಟ್ಟಿಕೊಂಡು ಉಳಿಸಿಕೊಂಡರು. ಬಟ್ಟೆ ಅಂಗಡಿಯವರು, ಗಾಡಿ ಹೊಡೆಯುವವರು, ಭದ್ರಾವತಿಯ ಕಾರ್ಖಾನೆಯವರು, ಎಲ್ಲರೂ ಸದಸ್ಯರೇ. ನಮ್ಮ ಯಜಮಾನರೂ ಒಬ್ಬರು. ಹಗಲೆಲ್ಲ ಕಬ್ಬಿಣದ ಕೆಲಸ, ರಜೆ ಬಂತೆಂದರೆ ನಾಟಕ.

ಮಳೆಗಾಲಕ್ಕೆ ಮುಂಚೆ ಸದಸ್ಯರೆಲ್ಲ ಸೂರು ಹತ್ತಿ ಹೆಂಚು ಕೈಯಾಡಿಸಬೇಕು ಎಂಬುದು ಸಂಘದ ಕಟ್ಟಳೆ. ಒಡೆದದ್ದನ್ನು ತೆಗೆದು ಹೊಸದು ಹೊದಿಸಿ ಕೆಳಗಿಳಿಯುವಷ್ಟರಲ್ಲಿ ಮಂಗಗಳ ಹಿಂಡು ಬಂದು ಕುಣಿಯುತ್ತಿತ್ತು. ಒಂದು ವರ್ಷ ಸೋರಿದ ನೀರಿಗೆ ಪರದೆಯ ಮೇಲೆ ಬರೆದಿದ್ದ ಅರಮನೆಯೇ ಕರಗಿಹೋಯಿತು. ನಮ್ಮವರು ಅತ್ತೇ ಬಿಟ್ಟರು.

“ತಗಡು ಹೊದಿಸೋಣ. ಮಂಗ ಅಲ್ಲ, ಆನೆ ಬಂದು ಕೂತ್ರೂ ಅಲ್ಲಾಡಲ್ಲ” ಎಂದರು ಸಂಘದ ಸಭೆಯಲ್ಲಿ.

“ಕಬ್ಬಿಣದೋರಿಗೆ ಕನಸಲ್ಲೂ ಕಬ್ಬಿಣವೇ ಮಾರಾಯ!” ಎಂದು ನಕ್ಕ ಗಾಡಿ ಹೊಡೆಯುವ ಒಬ್ಬಾತ. ನಕ್ಕರೂ ಎಲ್ಲರೂ ಒಪ್ಪಿದರು. ಬೇಸಿಗೆಯಲ್ಲಿ ತಗಡು ಏರಿತು. ಕೊಡಗಟ್ಟಲೆ ನೀರು ಸುರಿದು ನೋಡಿದರು, ಒಂದು ಹನಿ ಇಳಿಯಲಿಲ್ಲ. ನೀರು ಸುರಿಯುವಾಗ ಒಳಗೆ ನಿಂತು ಮಾತಾಡಿ ನೋಡಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಉಳಿದ ತಗಡನ್ನು ನಮ್ಮವರು ಖುಷಿಯಿಂದ ತಂದು ನಮ್ಮ ಅಡುಗೆಮನೆಗೂ ಹೊದಿಸಿದರು.

ಅಷ್ಟು ವರ್ಷ ಈಟಿ ಹಿಡಿದು ಮೂಲೆಯಲ್ಲಿ ನಿಂತ ನಮ್ಮವರಿಗೆ ಆ ವರ್ಷ ರಾಜನ ಪಾರ್ಟು ಸಿಕ್ಕಿತ್ತು. ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುತ್ತಲೇ ಗುಡುಗುತ್ತಿದ್ದರು. ಒಲೆಯ ಮುಂದೆ ಕೂತು ಕೇಳಿ ಕೇಳಿ ನನಗೂ ಬಾಯಿಪಾಠವಾಯಿತು.

ಮೊದಲ ಆಟದ ದಿನ ಮಳೆ ಹಿಡಿಯಿತು. ತಗಡಿನ ಮೇಲೆ ಅದರ ಆರ್ಭಟ ಎಂಥದ್ದು ಅಂತೀರಿ! ನಮ್ಮವರ ಬಾಯಿ ಆಡುತ್ತಿತ್ತು, ಕೊರಳಿನ ನರ ಉಬ್ಬುತ್ತಿತ್ತು, ಮಾತು ಮಾತ್ರ ಇಲ್ಲ. ಮಳೆ ಒಂದು ಗಳಿಗೆ ಉಸಿರು ಬಿಟ್ಟಾಗ ಅದೇ ಗಾಡಿಯವನು, “ಏನ್ ರಾಜಾ, ಬರೀ ಸನ್ನೇಲೇ ರಾಜ್ಯ ಆಳ್ತೀಯಾ?” ಎಂದು ಕೂಗಿದ. ಇಡೀ ಮಂದಿರ ನಕ್ಕಿತು.

ಮನೆಗೆ ಬರುವ ದಾರಿಯಲ್ಲಿ ಕೇಳಿದರು, “ಹಿಂದೆ ಕೂತೋರಿಗೆ ಒಂದಕ್ಷರ ಆದ್ರೂ ಕೇಳಿಸ್ತೇನೇ?”

ಇಲ್ಲ ಎಂದು ತಲೆಯಾಡಿಸಿದೆ. ಅವರು ಮತ್ತೆ ಬಣ್ಣ ಹಚ್ಚಲಿಲ್ಲ. ಮಂದಿರದ ಕಸ ಗುಡಿಸಿದರು, ಕಂಬಕ್ಕೆ ಎಣ್ಣೆ ಬಳಿದರು, ರಂಗ ಹತ್ತಲಿಲ್ಲ. ಮಳೆಗಾಲ ಪೂರ್ತಿ ಮಂದಿರಕ್ಕೆ ಬೀಗ. ಪ್ರತಿ ಸಭೆಯಲ್ಲೂ ಎದ್ದು ನಿಂತು, ಹೆಂಚು ಹೊದಿಸೋಣ ಎಂದು ಬೇಡಿಕೊಂಡರು. “ನೀನೇ ಅಲ್ವೇನೋ ತಗಡು ಅಂದೋನು? ಗಟ್ಟಿಯಾಗಿದೆ, ಇರ್ಲಿ ಬಿಡು” ಎನ್ನುತ್ತಿದ್ದರು ಉಳಿದವರು. ಹೋದ ಮಳೆಗಾಲದಲ್ಲಿ ನಮ್ಮವರು ತೀರಿಕೊಂಡರು. ಈ ಬೇಸಿಗೆಯಲ್ಲಿ ತಗಡು ತುಕ್ಕು ಹಿಡಿದು ತೂತು ಬಿತ್ತು, ಸಂಘ ಒಪ್ಪಿತು. ಒಂದೇ ಒಂದು ವರ್ಷ ಮೊದಲು ತುಕ್ಕು ಹಿಡಿಯಬಾರದಿತ್ತೇ ಆ ಹಾಳು ತಗಡಿಗೆ?

ಸದಸ್ಯರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸಿದರು. ಅಪ್ಪನ ಜಾಗದಲ್ಲಿ ಮಗ ನಿಂತ. ಈ ಸಲ ಬುದ್ಧಿ ಬಂದಿತ್ತು. ಮಳೆ ಬರುವಾಗಲೇ ಒಬ್ಬರು ರಂಗದ ಮೇಲೆ ನಿಂತು ಮಾತಾಡಬೇಕು, ಕೊನೆಯ ಬೆಂಚಿನವರು ಕೇಳಿಸಿದರೆ ಕೈ ಎತ್ತಬೇಕು ಎಂದು ತೀರ್ಮಾನವಾಯಿತು. ನಮ್ಮ ಹುಡುಗಿ, “ನಾನು ಮಾತಾಡ್ತೀನಿ” ಎಂದಳು. ಅಜ್ಜನ ರಾಜನ ಪಾರ್ಟಿನ ಮಾತು ಕಲಿಸಿದವಳು ನಾನು.

ಇವತ್ತು ಮಧ್ಯಾಹ್ನ ಮಳೆ ಹಿಡಿಯಿತು. ಅವಳು ಲಂಗ ಎತ್ತಿ ಕಟ್ಟಿ ನಿಂತು ಗುಡುಗಿದಳು: “ಎಲೈ ದ್ವಾರಪಾಲಕರೇ, ಬಾಗಿಲು ತೆರೆಯಿರಿ! ಹಸಿದವರು ಹೊರಗಿರುವಾಗ ಅರಮನೆಗೆ ಅಗುಳಿ ಏಕೆ?”

ಹಿಂದಿನ ಬೆಂಚಿನಲ್ಲಿ ಕೈಗಳೆಲ್ಲ ಎದ್ದವು. ಈಗ ಮುದುಕನಾಗಿರುವ ಗಾಡಿಯವನು ಹತ್ತಿರ ಬಂದು, “ಅಜ್ಜನಿಗಿಂತ ಜೋರಿದ್ದೀಯಲ್ಲೇ ಮಾರಾಯ್ತಿ!” ಎಂದ.

“ಅವರೂ ಜೋರಾಗೇ ಇದ್ರು. ನಿಮಗೆ ಕೇಳಿಸ್ಲಿಲ್ಲ, ಅಷ್ಟೆ” ಎಂದೆ.

ಸಂಜೆ ಭದ್ರಾವತಿಯ ನಮ್ಮ ಮನೆಗೆ ಬಂದು ಎಲ್ಲರೂ ಅಡುಗೆಮನೆಯಲ್ಲೇ ಒಟ್ಟಿಗೆ ಊಟಕ್ಕೆ ಕೂತೆವು. ಸೊಸೆ ಶಾವಿಗೆ ಪಾಯಸ ಮಾಡಿದ್ದಳು. ಮಳೆ ಮತ್ತೆ ಬಂತು. ನಮ್ಮ ತಗಡು ಶುರುವಾಯಿತು. ಸಾರು ಬೇಕಾದವರೂ ಅರಚಬೇಕು, ಸಾಕೆನ್ನುವವರೂ ಅರಚಬೇಕು. “ನಾಳೆ ಇದನ್ನೂ ಕಿತ್ತು ಹಾಕ್ತೀನಮ್ಮಾ!” ಎಂದು ಮಗ ಕೂಗಿದ. ಬೇಡ, ಇರಲಿ ಎಂದು ಕೈಯಾಡಿಸಿದೆ.

ಆ ಸದ್ದಿನಲ್ಲಿ, “ಕೇಳಿಸ್ತು ಕಣ್ರೀ, ಕೊನೇ ಬೆಂಚಿನವರೆಗೂ” ಎಂದೆ. ನನ್ನ ತುಟಿ ಆಡಿದ್ದನ್ನು ಕಂಡ ಸೊಸೆ ಇನ್ನೊಂದು ಸೌಟು ಪಾಯಸ ಬಡಿಸಿದಳು. ಉಂಡೆ.