ಇಬ್ಬರು ಮಕ್ಕಳು, ಮೂರು ಊರಿನ ಲೈಬ್ರರಿ

ನಮ್ಮ ಮನೆಗೆ ಲೈಬ್ರರಿಯ ಹುಚ್ಚು ಹತ್ತಿಸಿದವಳು ದೊಡ್ಡ ಮಗಳು. ನಾವಿರುವ ಕೊಳ್ಳೇಗಾಲದ ಲೈಬ್ರರಿಯಲ್ಲಿ ಮಕ್ಕಳಿಗೆಂದೇ ಒಂದು ಕೋಣೆ ಬಿಟ್ಟು, ಗೋಡೆಯ ಮೇಲೆ ನವಿಲು, ರೈಲು, ಆನೆ ಬರೆಸಿ, ಅವರ ಎತ್ತರಕ್ಕೆ ಸರಿಯಾದ ಮೇಜು ಕುರ್ಚಿ ಹಾಕಿದ್ದರು. ಚಪ್ಪಲಿ ಬಿಟ್ಟು ಒಳಗೆ ಹೋದರೆ ಚಾಪೆಯ ಮೇಲೆ ಬೋರಲು ಮಲಗಿಕೊಂಡೂ ಓದಬಹುದು, ಯಾರೂ ಗದರುವುದಿಲ್ಲ. ಭಾನುವಾರ ನಾವು ತಿಂಡಿ ಮುಗಿಸುವಷ್ಟರಲ್ಲಿ ಅವಳು ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು.

"ಬ್ಯಾಗ ಬಾಮ್ಮ, ದೊಡ್ಡ ಪುಸ್ತಕನೆಲ್ಲ ಬ್ಯಾರೆಯೋರು ತಕಬುಡ್ತಾರೆ."

ನಾನು ಮುಳ್ಳೂರಿನ ಕಡೆಯ ಒಂದು ಶಾಲೆಯಲ್ಲಿ ಟೀಚರ್. ಸಣ್ಣ ಮಕ್ಕಳಿಗೆ ಅಕ್ಷರ ಕಲಿಸುವುದೇ ನನ್ನ ಕೆಲಸ. ನನ್ನ ಗಂಡನಿಗೆ ಯಳಂದೂರಿನಲ್ಲಿ ನೌಕರಿ. ದೊಡ್ಡವಳು ನಾಲ್ಕನೇ ಕ್ಲಾಸು, ಸಣ್ಣವಳು ಒಂದನೇ ಕ್ಲಾಸು. ಲೈಬ್ರರಿಗೆ ಹೋದೊಡನೆ ಇವರು, ನನ್ನ ಗಂಡ, ಪೇಪರ್ ಹಿಡಿದರೆ ತಲೆ ಎತ್ತುತ್ತಿರಲಿಲ್ಲ. ದೊಡ್ಡವಳು ತಂಗಿಯನ್ನು ಪಕ್ಕಕ್ಕೆ ಎಳೆದುಕೊಂಡು, ಮಡಿಲ ತುಂಬ ಚಿತ್ರದ ಪುಸ್ತಕ ಹರಡಿಕೊಂಡು ಕತೆ ಶುರು ಮಾಡುತ್ತಿದ್ದಳು. ನರಿಗೆ ನರಿಯ ದನಿ, ಅಜ್ಜಿಗೆ ಅಜ್ಜಿಯ ದನಿ. ಪಕ್ಕದ ಚಾಪೆಯ ಮಕ್ಕಳೂ ಮೆಲ್ಲಗೆ ಜರುಗಿ ಬರುತ್ತಿದ್ದವು. ನಾನು ದೂರದ ಕುರ್ಚಿಯಲ್ಲಿ ಕೂತು ಹಿಗ್ಗುತ್ತಿದ್ದೆ.

ಅವಳ ಓದು ನಿಧಾನ ಎಂದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಶಾಲೆಯಲ್ಲೂ ಹೇಳಿದ್ದರು. ಆದರೆ ಕಿವಿಗೆ ಬಿದ್ದ ಪಾಠವನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದ ಮಗು ಅದು. ಕೆಲವು ಮಕ್ಕಳಿಗೆ ಓದು ತಡವಾಗಿಯೇ ಕೈಹತ್ತುವುದನ್ನು ನನ್ನ ಕ್ಲಾಸಿನಲ್ಲೇ ನೋಡಿದ್ದೇನೆ. ಇವಳಿಗೂ ಹತ್ತುತ್ತದೆ ಅಂದುಕೊಂಡಿದ್ದೆ.

ಒಂದು ಭಾನುವಾರ ಸಣ್ಣವಳು ಅಕ್ಕನ ಕತೆಯನ್ನು ನಡುವೆ ತಡೆದಳು. ಅವಳಿಗೆ ಆಗಷ್ಟೇ ಕಾಗುಣಿತ ಒಲಿದಿತ್ತು. ಅಂಗಡಿ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ಬಸ್ಸಿನ ಹಣೆಪಟ್ಟಿ, ಕಂಡದ್ದನ್ನೆಲ್ಲ ಕೂಡಿಸಿ ಓದುವ ಉಮೇದು. ಬೆರಳಿಟ್ಟು ಹೇಳಿದಳು, "ಅಕ್ಕಾ, ಇಲ್ಲಿ ಅಂಗಿಲ್ಲ ಕಣೆ. 'ಆನೆ ಮರದ ಕೆಳಗೆ ನಿಂತಿತು' ಅಂತ ಅದೆ. ನೀನು ಆನೆ ಊರಿಗ್ ಓಯ್ತು ಅಂದ್ಬುಟ್ಟೆ."

ಸುತ್ತ ಕೂತಿದ್ದ ಮಕ್ಕಳು ಪುಸ್ತಕಕ್ಕೆ ಬಗ್ಗಿದರು. ಅವರಲ್ಲಿ ಒಬ್ಬಳು, "ಊಂ, ಆನೆ ಮರದ ಕೆಳಗೆ ಅಂತ್ಲೇ ಅದೆ," ಎಂದಳು. ದೊಡ್ಡವಳು ಪುಸ್ತಕ ಮುಚ್ಚಿ ಎದ್ದು ಬಂದಳು.

"ಅಮ್ಮ, ನಂಗೆ ಒಟ್ಟೆ ನೋಯ್ತಾ ಅದೆ. ಮನೆಗ್ ಓಗವ."

ದಾರಿಯುದ್ದಕ್ಕೂ ಸಣ್ಣವಳು ಬೋರ್ಡು ಓದುತ್ತಲೇ ಬಂದಳು. ಸುಮ್ಮನಿರು ಎನ್ನಲು ನನಗೆ ಬಾಯಿ ಬರಲಿಲ್ಲ. ಓದಲು ಬಂತೆಂದು ಕುಣಿಯುತ್ತಿರುವ ಮಗುವನ್ನು ಯಾವ ಟೀಚರು ಸುಮ್ಮನಿರು ಎನ್ನುತ್ತಾಳೆ?

ಮಧ್ಯಾಹ್ನ ದೊಡ್ಡವಳನ್ನು ಕೂರಿಸಿಕೊಂಡು ಕೇಳಿದೆ. ಅವಳು ಅಳಲಿಲ್ಲ. ಗೋಡೆ ನೋಡುತ್ತ ಹೇಳಿದಳು, "ಮ, ವ, ಪ ಎಲ್ಲಾ ಒಂದೇ ತರ ಆಯ್ತವೆ ಕಣಮ್ಮ. ಒತ್ತು ಬಂದ್ರೆ ಅಕ್ಸರ ಎಲ್ಲಿಂದ ಸುರು ಅಂತ್ಲೇ ಗೊತ್ತಾಗಕಿಲ್ಲ. ಚಿತ್ರ ನೋಡ್ಕಂಡು ಯೋಳ್ತಿದ್ದೆ."

ಮಾರನೆಯ ದಿನದಿಂದ ನಾನು ಪಟ್ಟು ಹಿಡಿದೆ. ಮರಳಿನಲ್ಲಿ ಬರೆಸಿದೆ, ಹುಣಿಸೆ ಬೀಜ ಜೋಡಿಸಿ ಅಕ್ಷರ ಮಾಡಿಸಿದೆ, ರಟ್ಟು ಕತ್ತರಿಸಿ ಒತ್ತಕ್ಷರ ಕೂಡಿಸಿದೆ. ನನ್ನ ಕ್ಲಾಸಿನಲ್ಲಿ ಎಷ್ಟೋ ಮಕ್ಕಳಿಗೆ ಓದು ತಂದುಕೊಟ್ಟ ಉಪಾಯಗಳವು. ಇವಳಿಗೆ ಸಂಜೆ ಬಂದದ್ದು ಬೆಳಿಗ್ಗೆ ಇರುತ್ತಿರಲಿಲ್ಲ. ಕೊನೆಗೆ ಮೈಸೂರಿನ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಅವರು ಬಹಳ ಹೊತ್ತು ಪರೀಕ್ಷೆ ಮಾಡಿ, ಇದಕ್ಕೊಂದು ಹೆಸರಿದೆ ಎಂದರು. ಸೋಮಾರಿತನವಲ್ಲ, ಕಣ್ಣಿನ ದೋಷವಲ್ಲ, ಬುದ್ಧಿಗೆ ಏನೂ ಆಗಿಲ್ಲ, ಓದು ಬರುತ್ತದೆ, ಆದರೆ ಬಹಳ ಕಷ್ಟಪಟ್ಟು ಬರುತ್ತದೆ ಎಂದರು. ಇದಕ್ಕೆಂದೇ ಕಲಿತ ಟೀಚರು ಬೇಕಂತೆ. ಕೊಳ್ಳೇಗಾಲದಲ್ಲಿ ಅಂಥವರು ಯಾರಿದ್ದಾರೆ ಎಂದು ನಾನು ಕೇಳಿದ್ದಕ್ಕೆ ಅವರು, "ನೀವೇ ಟೀಚರಲ್ವಾ ಅಮ್ಮ," ಎಂದರು.

ಬಸ್ಸಿನಲ್ಲಿ ಬರುವಾಗ ಇವರು ನನ್ನ ಕೈ ಹಿಡಿದುಕೊಂಡಿದ್ದರು.

ದಸರಾ ರಜೆಗೆ ಹನೂರಿಗೆ, ನನ್ನ ತಾಯಿಯ ಮನೆಗೆ ಹೋದೆವು. ಅಲ್ಲಿಯ ಲೈಬ್ರರಿಯಲ್ಲೂ ಮಕ್ಕಳಿಗೊಂದು ಮೂಲೆ ಇದೆ, ಬಣ್ಣದ ಡಬ್ಬಿಗಳಲ್ಲಿ ಪುಸ್ತಕ ಇಟ್ಟಿರುತ್ತಾರೆ. ಸಣ್ಣವಳು ಒಳಗೆ ಓಡಿದಳು. ದೊಡ್ಡವಳು ಅಜ್ಜಿಯ ಜೊತೆ ಹೊರಗಿನ ಜಗಲಿಯಲ್ಲೇ ಕೂತಳು. ನನ್ನ ತಾಯಿ ಅಕ್ಷರ ಕಲಿತವಳಲ್ಲ. ಮೊಮ್ಮಗಳ ಬೆನ್ನು ಸವರುತ್ತ ಸಮಾಧಾನ ಹೇಳುತ್ತಿದ್ದದ್ದು ಕಿಟಕಿಯಿಂದ ನನಗೆ ಕೇಳಿಸುತ್ತಿತ್ತು.

"ಓದು ಬರ್ದಿದ್ರೆ ಏನ್ ಮುಳುಗೋಯ್ತದೆ ಮಗ? ನಾನ್ ಓದಿದ್ನಾ? ನಿಮ್ಮವ್ವನ್ನ ಸಾಕ್ನಿಲ್ವಾ, ಓದುಸ್ನಿಲ್ವಾ?"

"ಅಜ್ಜಿ, ನಿಂಗೆ ಯಾರೂ ಓದು ಅಂತ ಯೋಳ್ನಿಲ್ಲ," ಎಂದಳು ಮಗಳು. "ನಂಗೆ ದಿನಾ ಯೋಳ್ತಾರೆ."

ನನ್ನ ತಾಯಿ ಸೊಂಟದ ಸಂಚಿಯಿಂದ ಅಡಿಕೆ ತೆಗೆದು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡಳು.

ಇಷ್ಟಾದರೂ ಲೈಬ್ರರಿ ಬೇಡ ಎಂದು ದೊಡ್ಡವಳು ಒಂದು ದಿನವೂ ಅನ್ನಲಿಲ್ಲ. ಪುಸ್ತಕದ ಹತ್ತಿರ ಇರಬೇಕು ಅವಳಿಗೆ. ಕಪಾಟಿನಿಂದ ಒಂದೊಂದೇ ತೆಗೆದು, ಚಿತ್ರ ನೋಡಿ, ಅಂಚು ಸರಿಮಾಡಿ, ಅದೇ ಜಾಗದಲ್ಲಿ ಇಡುತ್ತಿದ್ದಳು.

ಬೇಸಿಗೆ ರಜೆಯಲ್ಲಿ ಯಳಂದೂರಿನ ಲೈಬ್ರರಿಯಲ್ಲಿ ಮಕ್ಕಳಿಗೆ ಕತೆ ಹೇಳುತ್ತಾರೆಂದು ಇವರು ತಿಳಿದುಕೊಂಡು ಬಂದರು. ಕತೆ ಹೇಳುವುದು ಅಂದರೆ ಕೇಳುವುದಷ್ಟೇ ಅಂದುಕೊಂಡು ಧೈರ್ಯವಾಗಿ ಹೋದೆವು. ಸುಮಾರು ಮಕ್ಕಳು ಸೇರಿದ್ದರು. ನಡೆಸಿಕೊಡಲು ಬಂದಿದ್ದ ಹೆಂಗಸು ನಗುಮುಖದವಳು, ಮಕ್ಕಳನ್ನು ಕಂಡರೆ ಜೀವ ಬಿಡುವಂಥವಳು. ಎಲ್ಲರನ್ನೂ ದುಂಡಗೆ ಕೂರಿಸಿ ಒಂದು ಕತೆ ಹೇಳಿದಳು. ಆನೆಗಳು ಬಂದು ಕಬ್ಬು ತಿನ್ನುವ ಕತೆ. ನನ್ನ ದೊಡ್ಡ ಮಗಳು ಬಾಯಿ ತೆರೆದು ಕೇಳಿದಳು, ಜೋರಾಗಿ ನಕ್ಕಳು. ಅಷ್ಟು ನಕ್ಕದ್ದನ್ನು ನೋಡಿ ತಿಂಗಳುಗಳೇ ಆಗಿದ್ದವು. ಆಮೇಲೆ ಆಕೆ ಇನ್ನೊಂದು ಪುಸ್ತಕ ತೆಗೆದು, "ಈಗ ಇದ್ನ ನೀವೇ ಓದಿ ಮಕ್ಳಾ, ಒಬ್ಬೊಬ್ರು ಒಂದೊಂದು ಪುಟ," ಎಂದು ಎಡಗಡೆಯ ಮೊದಲ ಮಗುವಿಗೆ ಕೊಟ್ಟಳು.

ಪುಸ್ತಕ ಕೈಯಿಂದ ಕೈಗೆ ಬರತೊಡಗಿತು. ನಾನು ಗೋಡೆಗೆ ಒರಗಿ ನಿಂತಿದ್ದೆ. ಹೋಗಿ ಆಕೆಯ ಕಿವಿಯಲ್ಲಿ ಹೇಳಬಹುದಿತ್ತು. ಹೇಳಿದರೆ ಅಷ್ಟು ಮಕ್ಕಳೂ ತಿರುಗಿ ನೋಡುತ್ತಾರೆ. ಮಗಳನ್ನು ಎಬ್ಬಿಸಿಕೊಂಡು ಹೊರಡಬಹುದಿತ್ತು. ಆ ನಗು ಇನ್ನೂ ಅವಳ ಮುಖದಲ್ಲಿ ಅರ್ಧ ಉಳಿದಿತ್ತು. ಇವರು ನನ್ನ ಕಡೆ ನೋಡಿದರು, ನಾನು ಇವರ ಕಡೆ ನೋಡಿದೆ. ಅಷ್ಟರಲ್ಲಿ ಪುಸ್ತಕ ಅವಳ ಮಡಿಲಿಗೆ ಬಂತು.

ಅವಳು ಪುಟ ನೋಡಿದಳು. ತುಟಿ ಅಲುಗಿತು. ದನಿ ಬರಲಿಲ್ಲ.

"ನಿಧಾನಕ್ ಓದು ಪುಟ್ಟ, ಪರ್ವಾಗಿಲ್ಲ," ಎಂದಳು ಆಕೆ.

ಒಂದು ಮಗು ಕಿಸಕ್ಕೆಂದಿತು. ಇನ್ನೊಂದು, "ಇಷ್ಟ್ ದೊಡ್ಡೋಳು!" ಎಂದಿತು. ಆಕೆಗೆ ಏನೋ ಹೊಳೆದಿರಬೇಕು, ಬೇಗನೆ, "ಆಯ್ತು ಬಿಡು, ಪಕ್ಕದೋಳು ಓದ್ಲಿ," ಎಂದು ಪುಸ್ತಕವನ್ನು ಸಣ್ಣವಳ ಕಡೆ ಸರಿಸಿದಳು.

ಸಣ್ಣವಳು ಪುಸ್ತಕ ನೋಡಿದಳು, ಅಕ್ಕನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ ಹೇಳಿದಳು, "ನಂಗೂ ಓದಕ್ ಬರಕಿಲ್ಲ."

ಆ ದಿನದಿಂದ ಅವಳು ಓದುವುದನ್ನೇ ಬಿಟ್ಟಳು. ಮೊದಲು ಮನೆಯಲ್ಲಿ, ಆಮೇಲೆ ಶಾಲೆಯಲ್ಲೂ. ದಾರಿಯ ಬೋರ್ಡುಗಳು ಸುಮ್ಮನೆ ಹಿಂದೆ ಹೋಗುತ್ತಿದ್ದವು. ಶಾಲೆಯಿಂದ ಹೇಳಿಕಳಿಸಿದರು, ಚೆನ್ನಾಗಿ ಓದುತ್ತಿದ್ದ ಮಗು ಬಾಯಿ ಬಿಡುತ್ತಿಲ್ಲ ಎಂದು. ಪ್ರೀತಿಯಿಂದ ಕೇಳಿದೆ, ರೇಗಿ ಕೇಳಿದೆ. "ಮರ್ತೋಯ್ತು," ಎನ್ನುತ್ತಿದ್ದಳು. ಏನೆಂದು ಬೈಯಲಿ? ಅಕ್ಕನ ಮೇಲೆ ಅಷ್ಟೊಂದು ಪ್ರೀತಿ ಇಟ್ಟುಕೊಳ್ಳಬೇಡ ಎನ್ನಲೇ? ಬೆಳಿಗ್ಗೆ ಶಾಲೆಗೆ ಹೋಗಿ ಬೇರೆಯವರ ಮಕ್ಕಳಿಗೆ ಅ ಆ ತಿದ್ದಿಸಿ ಬರುತ್ತಿದ್ದೆ. ಮನೆಯಲ್ಲಿ ಓದು ಬಾರದ ಒಬ್ಬಳು, ಬಂದ ಓದನ್ನು ಬಚ್ಚಿಟ್ಟುಕೊಂಡ ಇನ್ನೊಬ್ಬಳು.

ಇದನ್ನು ಮುರಿದದ್ದು ನಾನಲ್ಲ. ಒಂದು ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ದೊಡ್ಡವಳ ದನಿ ಕೇಳಿಸಿತು. ಕೋಪದಲ್ಲಿ ನಡುಗುತ್ತಿದ್ದ ದನಿ. ಸಣ್ಣವಳು ಮಂಚದ ಕೆಳಗೆ ಕೂತು ಲೈಬ್ರರಿಯಿಂದ ತಂದ, ಆನೆ ಮರದ ಕೆಳಗೆ ನಿಂತಿದ್ದ ಅದೇ ಪುಸ್ತಕ ಓದುತ್ತಿದ್ದಾಗ ಅಕ್ಕನ ಕೈಗೆ ಸಿಕ್ಕಿಬಿದ್ದಿದ್ದಳು.

"ನಂಗೋಸ್ಕರ ಸುಳ್ ಯೋಳ್ಬ್ಯಾಡ ಕಣೆ. ಎಲ್ಲಾರೂ ಇಬ್ರೂ ದಡ್ಡಿರು ಅಂತಾರೆ. ಅದ್ರಿಂದ ನಂಗೇನ್ ಬತ್ತದೆ?"

ಸಣ್ಣವಳು ಅಳುತ್ತಿದ್ದಳು. "ನೀನು ಓದು ಅಂದ್ರೆ ಓದ್ತೀನಿ."

"ಓದು. ಜೋರಾಗ್ ಓದು. ಆ ಆನೆ ಕೊನೆಗ್ ಏನಾಯ್ತು ಅಂತ ನಂಗೂ ಗೊತ್ತಾಗ್ಲಿ."

ಸಣ್ಣವಳು ಬಿಕ್ಕುತ್ತಲೇ ಓದಿದಳು. ನಾನು ಒಣಗಿದ ಬಟ್ಟೆ ಎದೆಗೆ ಅವಚಿಕೊಂಡು ಹಿತ್ತಲಲ್ಲೇ ನಿಂತುಬಿಟ್ಟೆ. ಒಳಗೆ ಹೋಗುವ ಯೋಗ್ಯತೆ ನನಗಿಲ್ಲ ಅನ್ನಿಸಿತು.

ಇದಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆ ನನಗಿದೆ. ಸಣ್ಣವಳು ಮತ್ತೆ ಓದುತ್ತಾಳೆ, ಈಗೀಗ ದಪ್ಪ ಪುಸ್ತಕ. ಆದರೆ ಅಕ್ಕ ಕೋಣೆಗೆ ಬಂದಾಗ ದನಿ ಒಂದಿಷ್ಟು ತಗ್ಗುತ್ತದೆ. ದೊಡ್ಡವಳು ಹೈಸ್ಕೂಲಿಗೆ ಹತ್ತಿರವಾಗುತ್ತಿದ್ದಾಳೆ. ಡಾಕ್ಟರು ಹೇಳಿಕೊಟ್ಟ ಅಭ್ಯಾಸ ದಿನವೂ ಮಾಡಿಸುತ್ತೇನೆ. ಸ್ವಲ್ಪ ಬಂದಿದೆ, ಬಹಳ ಬಂದಿಲ್ಲ.

ಹೋದ ಭಾನುವಾರ ಕೊಳ್ಳೇಗಾಲದ ಲೈಬ್ರರಿಯಲ್ಲಿ ಅವಳು ಯಾರ ಸಹಾಯವೂ ಬೇಡವೆಂದು ಒಂದು ತೆಳು ಪುಸ್ತಕ ಹಿಡಿದು ಕೂತಳು. ಅವಳ ವಯಸ್ಸಿನ ಪುಸ್ತಕವಲ್ಲ. ಪಕ್ಕದಲ್ಲಿ ಅಂಗನವಾಡಿಯ ಮಕ್ಕಳು ಅಂಥದ್ದನ್ನೇ ಹಿಡಿದು ಆಡುತ್ತಿದ್ದರು. ಒಂದು ಸಾಲಿನ ಮೇಲೆ ಬೆರಳಿಟ್ಟು, ಒಂದು ಪದ ಬಿಡಿಸಿ, ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಿಂದಿನದು ಕೈಬಿಟ್ಟು, ಮತ್ತೆ ಹಿಂದಕ್ಕೆ ಬಂದು ಓದುತ್ತಿದ್ದಳು. ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಅಲ್ಲಿ ಕೆಲಸ ಮಾಡುವವರು ಬಂದು ಫ್ಯಾನು ಆರಿಸಿದರು.

"ಬಾಗ್ಲಾಕೋ ಒತ್ತಾಯ್ತು ಕಣ್ರಿ ಮೇಡಂ."

ಸಾಲು ಇನ್ನೂ ಮುಗಿದಿರಲಿಲ್ಲ. ಇನ್ನೆರಡು ಪದ ಉಳಿದಿದ್ದವು. ನಾನು ಅವಳ ಭುಜದ ಮೇಲಿಂದ ಬಗ್ಗಿ, ಅವನ್ನು ಓದಿ ಹೇಳಲು ಬಾಯಿ ತೆರೆದೆ.

"ಯೋಳ್ಬ್ಯಾಡಮ್ಮ," ಎಂದಳು. ಪುಸ್ತಕವನ್ನು ಅದರ ಜಾಗದಲ್ಲಿಟ್ಟು, ಅಂಚು ಸರಿಮಾಡಿ, ಚಪ್ಪಲಿ ಮೆಟ್ಟಿಕೊಂಡು ನಮಗಿಂತ ಮುಂದೆ ನಡೆದಳು.